ವಾಸಂತಿ ಅಕ್ಕನ ಸೈಕಲ್ ಹೊಳೆ ದಾಟಿದ್ದು

ಕೊರೊನಾ ಮುಗಿದು ಜನ ಮತ್ತೆ ಗಂಟುಮೂಟೆ ಕಟ್ಟತೊಡಗಿದ ವರ್ಷ. ನಾನಾಗ ಪುಣೆಯ ಸದಾಶಿವ ಪೇಠದಲ್ಲಿದ್ದುಕೊಂಡು ಸೈಕಲ್ ಪ್ರವಾಸಗಳನ್ನು ಏರ್ಪಡಿಸುತ್ತಿದ್ದೆ. ಧಾರವಾಡದಿಂದ ಮದುವೆಯಾಗಿ ಬಂದವಳು ಈ ಕಸುಬಿಗೆ ಹೇಗೆ ಬಿದ್ದೆ ಎನ್ನುವುದು ಬೇರೆಯೇ ಪುರಾಣ. ದಾರಿ ಗೊತ್ತುಮಾಡುವುದು, ತಂಗುವ ಜಾಗ ನೋಡುವುದು, ಗುಂಪಿನ ಜೊತೆ ನಾನೂ ಪೆಡಲ್ ತುಳಿಯುವುದು, ಹಿಂದೆ ಸಾಮಾನಿನ ಟೆಂಪೊ ಬರುವಂತೆ ನೋಡಿಕೊಳ್ಳುವುದು ನನ್ನ ಕೆಲಸ. ಈಗ ಮೊಣಕಾಲು ಮಾತು ಕೇಳುವುದಿಲ್ಲ. ಚಳಿ ಶುರುವಾಗಿ ಬೆಳಗಿನ ಹೊತ್ತು ಕಾತ್ರಜ ಘಾಟಿಯ ಕಡೆ ಹೊರಟ ಸೈಕಲ್ ಗುಂಪು ಕಂಡರೆ ಅದು ಮರೆಯಾಗುವ ತನಕ ನೋಡುತ್ತ ನಿಲ್ಲುತ್ತೇನೆ, ಸುಳ್ಳೇಕೆ ಹೇಳಲಿ.

ಆ ವರ್ಷ ಪುಣೆಯಿಂದ ಘಾಟಿ ಇಳಿದು, ಕರಾವಳಿ ಹಿಡಿದು ಕುಂದಾಪುರದ ಕಡೆ ಹೋಗುವ ಪ್ರವಾಸಕ್ಕೆ ಹೆಸರು ಕೊಟ್ಟವರಲ್ಲಿ ವಾಸಂತಿ ಅಕ್ಕ ಒಬ್ಬರು. ನಮ್ಮ ಪೇಠದಲ್ಲೇ ಗಂಡನ ಜೊತೆ ಹೋಟೆಲ್ ನಡೆಸುವವರು. ವಯಸ್ಸು ಅರವತ್ತರ ಹತ್ತಿರ. ಸೈಕಲ್ ಕಲಿತದ್ದೇ ಐವತ್ತು ದಾಟಿದ ಮೇಲೆ.

"ಇಷ್ಟು ದೂರ ಯಾಕ್ರೀ ಅಕ್ಕಾರ? ಲೋಣಾವಳಾ ತನಕ ಹೋಗಿಬರೋಣಲ್ಲ," ಎಂದೆ.

"ಅಣ್ಣನಿಗೆ ತೋರಿಸ್ಲಿಕ್ಕೆ ಉಂಟು ಮಾರಾಯ್ರೆ," ಎಂದರು. "ಸಣ್ಣದಿರುವಾಗ ಅವನ ಸೈಕಲ್ ಒಂದು ರೌಂಡ್ ಕೊಡು ಅಂತ ಎಷ್ಟು ಅತ್ತಿದ್ದೇನೆ. ಹುಡುಗಿಯರಿಗೆ ಎಂತ ಸೈಕಲ್ ಅಂತ ಕೊಡ್ಲೇ ಇಲ್ಲ. ಈಗ ಅವನಿಗೆ ಪಾರ್ಶ್ವವಾಯು ಆಗಿ ಒಂದು ಕಾಲು ಎಳೀತದೆ. ಅವನ ಕಣ್ಣೆದುರಿಗೆ ನಾನು ಸೈಕಲಲ್ಲೇ ಬಂದು ಇಳೀಬೇಕು."

ಅವರ ತವರುಮನೆ ಕುಂದಾಪುರದ ಹತ್ತಿರ, ಹೊಳೆಯ ಆಚೆ ದಡದಲ್ಲಿ. ಸೇತುವೆ ಇದೆ, ಆದರೆ ದೂರದ ಸುತ್ತು. ನೇರ ಹೋಗಲು ದೋಣಿ. ಸೈಕಲನ್ನೂ ಹತ್ತಿಸಿಕೊಳ್ಳುತ್ತಾರೆ. ಕತ್ತಲಾಗುವ ಮೊದಲೇ ಕೊನೆಯ ದೋಣಿ ಹೊರಟುಬಿಡುತ್ತದೆ.

ಕರಾವಳಿಯ ಬಿಸಿಲಿಗೆ ಸೈಕಲ್ ಮೇಲೆ ಹೋಗುವವರಿಗೆ ನಾನು ಹೇಳುತ್ತಿದ್ದ ಮಾತುಗಳು ಕೆಲವು. ನವೆಂಬರಿನಿಂದ ಫೆಬ್ರವರಿಯೊಳಗೆ ಹೋಗಬೇಕು. ಬೆಳಕು ಹರಿಯುವಾಗಲೇ ಹೊರಟು, ಬಿಸಿಲೇರುವ ಮೊದಲು ನೆರಳು ಹುಡುಕಿ, ಇಳಿಹೊತ್ತಿಗೆ ಮತ್ತೆ ಏಳಬೇಕು. ಘಾಟಿಯಲ್ಲಿ ಬ್ರೇಕನ್ನು ಒಂದೇ ಸಮ ಅದುಮದೆ ಬಿಟ್ಟು ಬಿಟ್ಟು ಹಿಡಿಯಬೇಕು. ಉಪ್ಪುಗಾಳಿಗೆ ಚೈನು ತುಕ್ಕು ಹಿಡಿಯುತ್ತದೆ, ದಿನಾ ಸಂಜೆ ಒರೆಸಿ ಎಣ್ಣೆ ಹಾಕಬೇಕು. ಪುಣೆಯಲ್ಲಿ ಬೆವರು ಆರುತ್ತದೆ, ಕರಾವಳಿಯಲ್ಲಿ ಆರುವುದಿಲ್ಲ. ಆದ್ದರಿಂದ ಬರೀ ನೀರು ಸಾಲದು, ಉಪ್ಪು ಸಕ್ಕರೆಯೂ ಬೇಕು. ಎಲ್ಲಕ್ಕಿಂತ ಮುಖ್ಯ, ಹಸಿವಾಗುವ ಮೊದಲೇ ತಿನ್ನಬೇಕು. ಇಲ್ಲದಿದ್ದರೆ ಮೈಯ ಶಕ್ತಿ ಇದ್ದಕ್ಕಿದ್ದಂತೆ ಬರಿದಾಗಿ ಕೈಕಾಲು ನಡುಗುತ್ತವೆ. ಸೈಕಲ್ ತುಳಿಯುವ ನಮ್ಮವರು ಇದನ್ನು ಬಾಂಕ್ ಎನ್ನುತ್ತಾರೆ.

ಈ ಕೊನೆಯ ಮಾತೊಂದು ವಾಸಂತಿ ಅಕ್ಕನ ಕಿವಿಗೆ ಹೋಗಲೇ ಇಲ್ಲ. ಜನ್ಮವೆಲ್ಲ ಹೋಟೆಲ್ ನಡೆಸಿದ ಕೈ. ಗಿರಾಕಿ ಉಂಡೆದ್ದ ಮೇಲೆ ತಮ್ಮ ಊಟ ಎಂಬುದು ಅವರಿಗೆ ಉಸಿರಾಟದಷ್ಟೇ ಸಹಜ. ಎಲ್ಲಿ ನಿಂತರೂ ಸೈಕಲ್ ಒರಗಿಸಿ ನೇರ ಅಡುಗೆಮನೆಗೆ ನುಗ್ಗುವರು, ತಟ್ಟೆ ಹಿಡಿದು ಬರುವರು, ನಮ್ಮ ಗುಂಪಿನ ಮರಾಠಿ ಹುಡುಗ ಹುಡುಗಿಯರಿಗೆ ಬಡಿಸುವರು. ಅವರೆಲ್ಲ ಚಿಕ್ಕಮ್ಮನನ್ನು ಕರೆದಂತೆ "ಕಾಕೂ, ಕಾಕೂ" ಎನ್ನುತ್ತ ಹೊಟ್ಟೆತುಂಬ ಹೊಡೆದು ಹೆಲ್ಮೆಟ್ ಹಾಕುವ ಹೊತ್ತಿಗೆ ಅಕ್ಕ ಅರ್ಧ ಬಾಳೆಹಣ್ಣು ಬಾಯಿಗಿಟ್ಟು "ನಂದಾಯ್ತು, ಹೋಗುವ" ಎನ್ನುವರು. ನಾನು ದಿನಾ ಬೈಯುತ್ತಿದ್ದೆ. ಅವರು ದಿನಾ ನಗುತ್ತಿದ್ದರು.

ಕೊನೆಯ ದಿನ, ಹೊಳೆ ಇನ್ನು ಸ್ವಲ್ಪವೇ ದೂರವಿದೆ ಎನ್ನುವಾಗ, ಅವರ ಸೈಕಲ್ ವಾಲಾಡತೊಡಗಿತು. ಹಿಡಿದು ಇಳಿಸಿದೆವು. ಮುಖ ಬಿಳುಚಿತ್ತು, ಬೆರಳು ಗಡಗಡ ನಡುಗುತ್ತಿತ್ತು. ಬಾಂಕ್ ಆದವರು ಟೆಂಪೊ ಹತ್ತಬೇಕು ಎಂಬುದು ನಾನೇ ಮಾಡಿದ ನಿಯಮ. ಟೆಂಪೊ ಹೋಗುವುದು ಸೇತುವೆ ಸುತ್ತಿ. ಹಾಗೆಂದು ಹೇಳಿದೆ.

ಅಕ್ಕ ಅತ್ತುಬಿಟ್ಟರು. "ಅಲ್ಲಿಗೆ ಸಾಮಾನಿನ ಹಾಗೆ ಹೋಗುವುದಾ ನಾನು?"

ಆಗಲಿ, ಮೊದಲು ತಿನ್ನಲಿ ಎಂದು ಟೆಂಪೊದಿಂದ ಅವಲಕ್ಕಿ, ಬೆಲ್ಲ, ಬಾಳೆಹಣ್ಣು ತೆಗೆಸಿದೆ. ಆ ಸ್ಥಿತಿಯಲ್ಲೂ ಅವರು ಬುಟ್ಟಿಯನ್ನು ಅತ್ತ ತಳ್ಳಿದರು. "ಮಕ್ಕಳಿಗೆ ಕೊಡಿ. ಅವರು ಮೊದಲು ತಿನ್ಲಿ."

ನನಗೆ ಸಿಟ್ಟು ನೆತ್ತಿಗೇರಿತು. ಬುಟ್ಟಿ ಕಸಿದುಕೊಂಡು ಗುಂಪಿಗೆ ಮರಾಠಿಯಲ್ಲಿ ಅಪ್ಪಣೆ ಮಾಡಿದೆ, ಯಾರೂ ಕೈ ಹಚ್ಚಬಾರದೆಂದು. ಆಮೇಲೆ ಅಕ್ಕನ ಮುಂದೆ ಕುಕ್ಕರಗಾಲಿನಲ್ಲಿ ಕೂತೆ. "ನೋಡ್ರಿ ಅಕ್ಕಾರ, ನೀವು ತಿನ್ನೂ ತನಕ ಇವರ್ಯಾರೂ ಒಂದು ತುತ್ತು ಮುಟ್ಟಂಗಿಲ್ರಿ. ಹಸ್ಕೊಂಡ ಕೂಡ್ತಾರ. ಆ ಪಾಪ ನಿಮ್ಮ ತಲೀಮ್ಯಾಲ."

ಹುಡುಗರು ಜಾಣರು. ಮುಖ ಸಣ್ಣದು ಮಾಡಿಕೊಂಡು ಕೈಕಟ್ಟಿ ಕೂತರು. ಅಕ್ಕ ಒಬ್ಬೊಬ್ಬರನ್ನೇ ನೋಡಿದರು. ಹಸಿದವರನ್ನು ಎದುರಿಗೆ ಕೂರಿಸಿಕೊಳ್ಳುವುದು ಅವರಿಂದಾಗದ ಕೆಲಸ. ಬುಟ್ಟಿ ಎಳೆದುಕೊಂಡು ಗಬಗಬ ತಿಂದರು. ಬೆಲ್ಲದ ನೀರು ಕುಡಿದು ಮರದ ಬುಡದಲ್ಲಿ ಮಲಗಿದರು. ಬೆರಳಿನ ನಡುಕ ಪೂರ್ತಿ ನಿಂತು, ಮುಖಕ್ಕೆ ಕಳೆ ಬಂದಮೇಲೆಯೇ ನಾನು ನನ್ನ ನಿಯಮ ಮುರಿದು ಸೈಕಲ್ ಕೈಗೆ ಕೊಟ್ಟದ್ದು. ಅಷ್ಟರಲ್ಲಿ ಹೊತ್ತು ಇಳಿದಿತ್ತು. ದೋಣಿ ಹೊರಟುಹೋಗಿದ್ದರೆ ಗತಿಯೇನು ಎಂದುಕೊಳ್ಳುತ್ತಲೇ ಅವರ ಪಕ್ಕದಲ್ಲಿ ಮೆಲ್ಲಗೆ ತುಳಿದೆ.

ದೋಣಿ ಇತ್ತು. ಅದೇ ಕೊನೆಯದು.

ಆಚೆ ದಡದಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಅಣ್ಣ ಕೂತಿದ್ದರು. ಅಕ್ಕ ದೋಣಿಯಿಂದ ಸೈಕಲ್ ಇಳಿಸಿ, ಹತ್ತಿ, ಆ ಚೂರು ದೂರವನ್ನು ತುಳಿದುಕೊಂಡೇ ಹೋಗಿ ಅವರ ಮುಂದೆ ಇಳಿದರು. ಪಕ್ಕದಲ್ಲಿದ್ದ ಅತ್ತಿಗೆ, "ಮಧ್ಯಾಹ್ನದಿಂದ ಇಲ್ಲೇ ಕೂತಿದ್ದಾರೆ. ತಂಗಿ ಬಾರದೆ ಉಣ್ಣುವುದಿಲ್ಲ ಅಂತ ಹಟ," ಎಂದರು. ಅಕ್ಕನ ಚಾಳಿ ಬರೀ ಹೋಟೆಲಿನದಲ್ಲ, ಆ ಮನೆಯದು ಎಂದು ನನಗೆ ಆಗ ತಿಳಿಯಿತು.

ಅಣ್ಣ ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. ಬೆಲ್ ಬಾರಿಸಿದರು. ತಲೆ ಎತ್ತದೆ ಕೇಳಿದರು. "ಒಂದು ರೌಂಡ್ ಕೊಡ್ತೀಯಾ?"

"ಕೊಡ್ತೇನೆ. ಮೊದಲು ಉಣ್ಣು," ಎಂದರು ಅಕ್ಕ. ಆದರೆ ಊಟದ ತನಕ ಕಾಯಲು ಅಕ್ಕನಿಗೇ ಆಗಲಿಲ್ಲ. ನಾವೆಲ್ಲ ಹಿಡಿದು ಅಣ್ಣನನ್ನು ಸೀಟಿನ ಮೇಲೆ ಕೂರಿಸಿದೆವು. ನಾವು ಎರಡೂ ಬದಿ ಹಿಡಿದುಕೊಂಡಿರಲು, ಅಕ್ಕ ಹಿಂದಿನಿಂದ ತಳ್ಳಿಕೊಂಡು ಮನೆಯಂಗಳದವರೆಗೆ ನಡೆದರು.

ಆಮೇಲೆ ಪ್ರವಾಸ ಕೇಳಿಕೊಂಡು ಬಂದ ಯಾರ ಹತ್ತಿರವೂ ನಾನು ಮೊದಲು ಕಿಲೋಮೀಟರಿನ ಮಾತು ಎತ್ತಲಿಲ್ಲ. ದಾರಿಯ ಕೊನೆಗೆ ಯಾರು ಕಾಯುತ್ತಿರುತ್ತಾರೆ ಎಂದು ಕೇಳಿದೆ. ಅದರ ಮೇಲೆ ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತಿಗೆ ಮುಟ್ಟಬೇಕು ಎಂದು ಗೊತ್ತುಮಾಡಿದೆ. ಕೆಲಸ ನನಗೆ ಕಲಿಸಿದ್ದು ಇದು. ಧಾರವಾಡದಲ್ಲಿ ನನ್ನ ದಾರಿ ಕಾಯುತ್ತ ಉಣ್ಣದೆ ಕೂಡುವವರು ಈಗ ಯಾರೂ ಉಳಿದಿಲ್ಲ. ಆದರೂ ಕಾತ್ರಜದ ಕಡೆ ಹೊರಟ ಸೈಕಲ್ ಕಂಡಾಗಲೆಲ್ಲ, ತಿಂದು ಹೊರಟ್ರೇನ್ರೀ ಎಂದು ಕೂಗಿ ಕೇಳಬೇಕೆನ್ನಿಸುತ್ತದೆ.