ಪಟ್ಟಿಯಲ್ಲಿ ಬಿಟ್ಟುಹೋದ ಜಾಗ

ನನ್ನ ಕೈಬರಹವನ್ನು ಯಾರಾದರೂ ಹೊಗಳಿದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಅತ್ತೆಯ ಜಾಗ ಹೋದದ್ದು ಆ ಬರಹದಿಂದಲೇ.

ಕೊಳ್ಳೇಗಾಲ ಇನ್ನೂ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕಾಲ. ನಾನು ಹನೂರಿನಲ್ಲಿ ಮೇಷ್ಟ್ರು. ಅಪ್ಪ, ದೊಡ್ಡಪ್ಪ ಬೇರೆಯಾಗುವುದೆಂದು ತೀರ್ಮಾನವಾಯಿತು. ಮನೆಯ ಭಾಗಗಳ ಪಟ್ಟಿ ಬರೆಯುವ ಕೆಲಸ ನನ್ನ ತಲೆಗೆ ಬಿತ್ತು. ಪಟ್ಟಿಯಲ್ಲಿ ಇಲ್ಲದ್ದು ಯಾರ ಪಾಲಿಗೂ ಬರುವುದಿಲ್ಲ ಎಂದು ಪಾಲುಪತ್ರ ಬರೆಯುವವರು ಮೊದಲೇ ಹೇಳಿದ್ದರು.

ನನಗೆ ಅಕ್ಷರ ಬರುತ್ತಿತ್ತು, ಮನೆಯ ಮಾತು ಬರುತ್ತಿರಲಿಲ್ಲ. ಅದನ್ನು ಹೇಳಿಕೊಟ್ಟವಳು ಅತ್ತೆ, ಅಪ್ಪನ ಅಕ್ಕ. ಯಳಂದೂರಿಗೆ ಕೊಟ್ಟಿದ್ದರು, ಗಂಡ ತೀರಿಕೊಂಡ ಮೇಲೆ ತವರಿಗೆ ಬಂದವಳು ಇಲ್ಲೇ ಉಳಿದಿದ್ದಳು. ಬಾಗಿಲು ಕೂರುವ ಚೌಕಟ್ಟು ದಾರಂದ, ಕಂಬದ ತಲೆಯ ಮೇಲೆ ತೊಲೆ ಹೊತ್ತ ಕೆತ್ತನೆಮರ ಬೋದಿಗೆ, ತೊಲೆಯ ಮೇಲೆ ಸಾಲಾಗಿ ಹಾಸಿದ್ದು ಜಂತೆ. ಒಂದೊಂದನ್ನೂ ಕೈಯಿಂದ ಮುಟ್ಟಿ ಹೇಳುತ್ತಾ ಹೋದಳು.

"ಸರ್ಯಾಗ್ ಬರ್ಕೊ. ನಾಳೀಕೆ ಒಂದ್ ಗೂಟಕ್ಕೂ ಕಿತ್ತಾಡ್ತರೆ ಇವ್ರು."

ನಡುಮನೆಗೂ ಅಡುಗೆಮನೆಗೂ ಮಧ್ಯೆ, ಅಟ್ಟದ ಏಣಿಯ ಕೆಳಗೆ, ಒಂದು ಚಾಪೆಯಗಲದ ಜಾಗವಿತ್ತು. ಅಲ್ಲಿ ಅವಳು ರಾತ್ರಿ ಮಲಗಿ ಬೆಳಿಗ್ಗೆ ಸುತ್ತಿಟ್ಟ ಚಾಪೆ, ಒಂದು ಪೆಟ್ಟಿಗೆ.

"ಇದಕ್ಕೇನಂತಾರೆ ಅತ್ತೆ?"

"ಅದ್ಕೇನ್ಲಾ ಎಸ್ರು? ನಾ ಮನೀಕಳ ಜಾಗ. ಮುಂದುಕ್ಕೋಗು."

ನಾನು ಮುಂದಕ್ಕೆ ಹೋದೆ. ಮೇಷ್ಟ್ರಲ್ಲವೇ, ಹೆಸರಿಲ್ಲದ್ದನ್ನು ಬರೆಯುವುದು ಹೇಗೆ?

ಪತ್ರ ಕೊಳ್ಳೇಗಾಲದಲ್ಲಿ ರಿಜಿಸ್ಟರ್ ಆಯಿತು. ನಡುಮನೆ ದೊಡ್ಡಪ್ಪನಿಗೆ, ಅಡುಗೆಮನೆ ಅಪ್ಪನಿಗೆ. ಅಡ್ಡಗೋಡೆ ಎಲ್ಲಿ ಬರಬೇಕೆಂದು ಗಾರೆಯವನು ದಾರ ಹಿಡಿದು ಕೇಳಿದ. ವರ್ಷದಿಂದ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರು ಅವತ್ತು ಒಂದೇ ಕಡೆ, ಏಣಿಯ ಕೆಳಗೆ, ಕೈ ತೋರಿಸಿದರು. ಯಾರ ಪಾಲಿನಲ್ಲೂ ಇಲ್ಲದ ಜಾಗ ಅದು, ಇಬ್ಬರಿಗೂ ನಷ್ಟವಿಲ್ಲ.

ಅದು ಅತ್ತೆಯ ಜಾಗ, ಬರೆಯದೆ ಬಿಟ್ಟದ್ದು ನನ್ನ ತಪ್ಪು ಎಂದೆ. "ಅವ್ಳಿಗೇನು, ಎಲ್ಲಾದ್ರೂ ಮನೀಕತಳೆ" ಎಂದರು ದೊಡ್ಡಪ್ಪ. ಅಪ್ಪನ ಮುಖ ನೋಡಿದೆ. ಅಪ್ಪ ದಾರ ನೋಡುತ್ತಿದ್ದರು. ಪತ್ರ ತಿದ್ದಿಸಲು ಇಬ್ಬರ ರುಜುವೂ ಬೇಕಿತ್ತು, ನನ್ನ ರುಜುವಿಗೆ ಅಲ್ಲಿ ಬೆಲೆಯಿರಲಿಲ್ಲ. ಊರೆಲ್ಲ ಮೇಷ್ಟ್ರೇ ಎಂದು ಕರೆಯುತ್ತಿದ್ದ ನನಗೆ ಏಣಿಯನ್ನು ಆಚೆಗೆ ಸರಿಸಿ ಕೊಡುವುದು ಬಿಟ್ಟು ಬೇರೇನೂ ಮಾಡಲಾಗಲಿಲ್ಲ.

ಅತ್ತೆ ಚಾಪೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಪೆಟ್ಟಿಗೆಯ ಮೇಲೆ ಕೂತಿದ್ದಳು. ಮಣ್ಣಿನ ಇಟ್ಟಿಗೆ ಸೊಂಟದೆತ್ತರ ಬರುವವರೆಗೂ ನೋಡಿದಳು. ಆಮೇಲೆ ನನ್ನನ್ನು ಹತ್ತಿರ ಕರೆದಳು. ಬೈಯುತ್ತಾಳೆ ಅಂದುಕೊಂಡೆ, ಬೈದರೆ ಸಾಕು ಅನ್ನಿಸಿತ್ತು.

"ಈ ಗೋಡೆ ಬರ್ಕಂಡ್ಯಾ ಮಗಾ?" ಎಂದಳು. "ಬರ್ಕೊ, ಬುಟ್ಟೋಗ್ಬುಟ್ಟದು."