ಸ್ಟೆಪ್ನಿಯ ಕೆಳಗಿನ ಬಾಕು

ಮೊಮ್ಮಗನ ಮದುವೆಯ ದಿನ ಬಾಕನ್ನು ಯಾರೂ ಕದಿಯಲಿಲ್ಲ. ನನ್ನ ಮಗನೇ ಅದನ್ನು ಹಳೇ ಟವೆಲ್ಲಿನಲ್ಲಿ ಸುತ್ತಿ, ಕಾರಿನ ಡಿಕ್ಕಿಯಲ್ಲಿ ಸ್ಟೆಪ್ನಿ ಟೈರಿನ ಕೆಳಗೆ ಇಟ್ಟಿದ್ದ. ನೆಂಟರಲ್ಲಿ ಅರ್ಧ ಜನ ಇವತ್ತಿಗೂ ಅದು ಕಲ್ಯಾಣಮಂಟಪದಲ್ಲಿ ಕಳುವಾಯಿತು ಎಂದೇ ಹೇಳುತ್ತಾರೆ. ಕಳುವಾಗಲಿಲ್ಲ.

ನಮ್ಮ ಕಡೆ ಮದುಮಗನ ಕೈಗೆ ಬಾಕು ಕೊಡುವ ಪದ್ಧತಿ ಇದೆ. ತುದಿಗೆ ನಿಂಬೆಹಣ್ಣು ಚುಚ್ಚಿರುತ್ತಾರೆ, ಧಾರೆ ಮುಗಿಯುವವರೆಗೆ ಅದು ಅವನ ಕೈ ಬಿಡಬಾರದು. ಬೇರೆಯವರು ಯಾರದೋ ಮನೆಯಿಂದ ಎರವಲು ತಂದು ಕೆಲಸ ಮುಗಿಸುತ್ತಾರೆ. ನಾವು ಕಮ್ಮಾರರು, ನಮ್ಮಲ್ಲಿ ಎರವಲು ತರುವುದಿಲ್ಲ. ಒಂದೊಂದು ಮದುವೆಗೂ ಒಂದೊಂದು ಹೊಸದು. ಆದರೆ ಮದುವೆ ಮುಗಿಯುವವರೆಗೆ ಅದಕ್ಕೆ ಹರಿತ ಕೊಡುವುದಿಲ್ಲ. ತುದಿಯಷ್ಟೇ ಚೂಪು, ಎರಡು ಅಂಚೂ ಮೊಂಡು. ಮರುದಿನ ಬೆಳಿಗ್ಗೆ ಮಾಡಿದವರು ತಲೆಬಾಗಿಲಲ್ಲಿ ಕೂತು ಮಸೆದು ಹೊಸ ಸೊಸೆಯ ಕೈಗೆ ಕೊಡುತ್ತಾರೆ. ಅಲ್ಲಿಂದ ಮುಂದೆ ಅದು ಅಡುಗೆಮನೆಯ ಸಾಮಾನು.

ಮೆಟ್ರೋ ಇನ್ನೂ ಫರೀದಾಬಾದಿನ ಕಡೆ ತಲೆ ಹಾಕದ ಕಾಲ. ನಮ್ಮ ಯಜಮಾನರು ಇಲ್ಲಿನ ಒಂದು ಕಾರ್ಖಾನೆಗೆ ಫಿಟ್ಟರ್ ಆಗಿ ಬಂದು, ಫಿಟ್ಟರ್ ಆಗಿಯೇ ರಿಟೈರಾಗಿ, ಸೆಕ್ಟರಿನಲ್ಲಿ ಎರಡು ಕೋಣೆಯ ಮನೆ ಕಟ್ಟಿ ಸತ್ತರು. ಮಗ ದಿಲ್ಲಿಯ ಸೆಂಟ್ರಲ್ ಸರ್ಕಾರಿ ಕಚೇರಿಯಲ್ಲಿ. ಬೆಳಿಗ್ಗೆ ಎಂಟಕ್ಕೆ ಚಾರ್ಟರ್ಡ್ ಬಸ್ಸು ಹತ್ತಿದರೆ ಬರುವುದು ಕತ್ತಲಾದ ಮೇಲೆ. ಮನೆ ಮೇಲೆ ಅವನು ಇನ್ನೂ ಎರಡು ಕೋಣೆ ಎಬ್ಬಿಸಿದ, ಗೇಟಿಗೆ ಗ್ರಾನೈಟಿನ ಬೋರ್ಡು ಹಾಕಿಸಿದ. ಬೋರ್ಡಿನ ಮೇಲೆ ಅವನ ಹೆಸರು, ಅವನ ಹುದ್ದೆ. ಅಪ್ಪನ ಹೆಸರಿನ ಹಿಂದೆ ಇದ್ದ ಆಚಾರಿ ಎನ್ನುವುದು ಅಲ್ಲಿಗೆ ಬರುವಷ್ಟರಲ್ಲಿ ಉದುರಿಹೋಗಿತ್ತು.

ಮೊಮ್ಮಗನಿಗೆ ಹುಡುಗಿ ಗೊತ್ತಾದಳು, ಅವನೇ ಗೊತ್ತುಮಾಡಿಕೊಂಡದ್ದು. ಕನ್ನಡದವರೇ, ನಮ್ಮ ಜಾತಿಯಲ್ಲ. ಅವಳಪ್ಪ ದೊಡ್ಡ ಆಫೀಸರು, ಮನೆ ಮುಂದೆ ಬಿಳಿ ಕಾರು ನಿಂತಿರುವ ಪೈಕಿ. ಮಾತುಕತೆಯೆಲ್ಲ ಮುಗಿದ ಮೇಲೆ ನಾನು, "ಬಾಕು ಯಾರು ಮಾಡ್ತಾರೆ?" ಎಂದು ಕೇಳಿದೆ.

ಮಗ ಮೊಬೈಲಿನಿಂದ ತಲೆ ಎತ್ತಲಿಲ್ಲ. "ಮದುಮಗನಿಗೆ ಕುದುರೆ ಕೊಡೋ ಘೋಡಿವಾಲಾ ಹತ್ರ ತಲ್ವಾರ್ ಬಾಡಿಗೆಗೆ ಸಿಗತ್ತಮ್ಮ. ಚಿನ್ನದ ಕಲರು, ಕೆಂಪು ಮಖಮಲ್ಲು. ಫೋಟೋದಲ್ಲೂ ಚೆನ್ನಾಗಿ ಬರತ್ತೆ."

"ತಗಡಿಗೆ ಬಣ್ಣ ಬಳಿದು ಕೊಡ್ತಾನೆ ಅವನು. ನಾನೇ ಮಾಡ್ತೀನಿ."

ಅವನು ನಕ್ಕ. "ಅಮ್ಮ, ನಿಮಗೆ ಅರವತ್ತೆಂಟು."

"ಕಬ್ಬಿಣಕ್ಕೆ ನನ್ನ ವಯಸ್ಸು ಗೊತ್ತಾಗಲ್ಲ."

ಮೊಮ್ಮಗ ಮಾತ್ರ ಎದ್ದು ಬಂದು ನನ್ನ ಪಕ್ಕ ಕೂತ. "ಅಜ್ಜಿ, ಸಚ್ಚಿ? ನಿಮಗೆ ಬರತ್ತಾ?"

ಬರುತ್ತದೆ ಎಂದೆ. ನಿಜ ಹೇಳಬೇಕೆಂದರೆ ಮುಕ್ಕಾಲು ಬರುತ್ತಿತ್ತು. ನನ್ನಪ್ಪನ ಕುಲುಮೆಯಲ್ಲಿ ಏಳನೇ ವಯಸ್ಸಿನಿಂದ ತಿದಿ ಒತ್ತಿದವಳು ನಾನು. ತೋಳು ಬಲಿತ ಮೇಲೆ ಎದುರು ನಿಂತು ಚಮಟಿಗೆಯಲ್ಲಿ ಹೊಡೆದವಳೂ ನಾನೇ. ಆದರೆ ಕಾದ ಅಲಗನ್ನು ಅದ್ದಿ ಹದ ಕೊಡುವ ಹೊತ್ತಿಗೆ ಹೆಂಗಸರನ್ನೆಲ್ಲ ಹೊರಗೆ ಕಳಿಸುತ್ತಿದ್ದರು. ಹೆಂಗಸಿನ ನೆರಳು ಬಿದ್ದರೆ ಉಕ್ಕು ಸೀಳುತ್ತದಂತೆ. ಇಡೀ ದಿನ ಹೊಡೆಯುವಾಗ ಬೀಳದ ನೆರಳು ಅದೊಂದು ಗಳಿಗೆಯಲ್ಲಿ ಬೀಳುತ್ತಿತ್ತು! ನಾನು ಹಿತ್ತಿಲ ಗೋಡೆಯ ಬಿರುಕಿನಲ್ಲಿ ಕಣ್ಣಿಟ್ಟು ಬಣ್ಣ ನೋಡಿಕೊಂಡಿದ್ದೆ. ಕೈಯಾರೆ ಮಾಡಿರಲಿಲ್ಲ.

ಯಜಮಾನರ ಪೆಟ್ಟಿಗೆಯಿಂದ ಕಬ್ಬಿಣ ಉಜ್ಜಿ ಹಲ್ಲು ಸವೆದ ಒಂದು ದೊಡ್ಡ ಅರ ತೆಗೆದುಕೊಂಡೆ. ಅವರ ನೆನಪಿಗೆಂದಲ್ಲ. ಹಳೇ ಅರದಂಥ ಉಕ್ಕು ಈಗ ಅಂಗಡಿಯಲ್ಲಿ ಸಿಗುವುದಿಲ್ಲ. ಗುಜರಿ ಕೊಳ್ಳುವ ಕಬಾಡಿಯವನಿಂದ ರೈಲುಕಂಬಿಯ ಒಂದು ತುಂಡು ತರಿಸಿದೆ, ಬಡಿಯಲು ಅದೇ ಅಡೆಗಲ್ಲು. ಚಳಿಗಾಲಕ್ಕೆ ಕೈ ಕಾಯಿಸುವ ಅಂಗೀಠಿಯೇ ಕುಲುಮೆ. ತಿದಿ ಎಲ್ಲಿಂದ ತರುವುದು? ಸೊಸೆ ತನ್ನ ಕೂದಲು ಒಣಗಿಸುವ ಡ್ರೈಯರ್ ತಂದು ಕೊಟ್ಟಳು. ಅದರ ಬಾಯಿಗೆ ಕಬ್ಬಿಣದ ಕೊಳವೆ ಸಿಕ್ಕಿಸಿದೆವು. ಹೊಸ ಕಾಲದ ತಿದಿ, ಒತ್ತುವ ಕೆಲಸವೂ ಇಲ್ಲ.

"ಅತ್ತೆ, ಇವರು ಬರೋ ಅಷ್ಟ್ರಲ್ಲಿ ಎಲ್ಲ ತೊಳೆದಿಟ್ಟುಬಿಡೋಣ," ಎಂದಳು ಸೊಸೆ.

"ಯಾಕೆ, ನಾವೇನು ಸಾರಾಯಿ ಕಾಯಿಸ್ತಿದೀವಾ?"

ಅವಳು ನಕ್ಕಳು, ಆದರೂ ದಿನಾ ತೊಳೆದಳು.

ಅರವನ್ನು ಕೆಂಪಗೆ ಕಾಯಿಸಿ ಬೂದಿಯಲ್ಲಿ ಹೂತು ಮೆತ್ತಗೆ ಮಾಡಿದೆ. ನಾಲ್ಕು ದಿನ ಬಡಿದೆ. ಒಂದು ಗೇಣು ಉದ್ದ, ನಡುವೆ ಏಣು, ಎರಡು ಕಡೆಗೂ ಇಳಿಜಾರು. ಬಲಗೈ ಮೊಣಕೈವರೆಗೆ ಊದಿಕೊಂಡಿತು. ಎರಡನೇ ದಿನ ಪಕ್ಕದ ಮನೆಯ ಪಂಜಾಬಿ ಹೆಂಗಸು ಗೋಡೆಯ ಮೇಲಿಂದ ಇಣುಕಿದಳು. "ಮಾತಾಜೀ, ಯೇ ಸುಬಹ್ ಸುಬಹ್ ಠಕ್ ಠಕ್?"

"ಪೋತೇ ಕಾ ಶಾದಿ ಹೈ," ಮೊಮ್ಮಗನ ಮದುವೆ ಎಂದೆ.

"ಶಾದಿ ಮೇ ತೋ ಢೋಲ್ ಬಜ್ತಾ ಹೈ!"

"ಹಮಾರಾ ಯಹೀ ಢೋಲ್," ನಮಗೆ ಇದೇ ಡೋಲು ಎಂದೆ. ಆಮೇಲೆ ಅವಳು ದಿನಾ ಗೋಡೆಯ ಹತ್ತಿರ ಚಹಾ ಹಿಡಿದು ನಿಲ್ಲುತ್ತಿದ್ದಳು.

ಹದ ಕೊಡಲು ಬೆಳಕು ಕಡಿಮೆ ಇರಬೇಕು, ಬಿಸಿಲಿನಲ್ಲಿ ಉಕ್ಕಿನ ಬಣ್ಣ ಸುಳ್ಳು ಹೇಳುತ್ತದೆ. ಜನವರಿಯ ಮಂಜಿಗೆ ಎಲ್ಲರೂ ಶಾಪ ಹಾಕುವ ಒಂದು ಬೆಳಿಗ್ಗೆ, ಗೇಟೇ ಕಾಣದಷ್ಟು ಮಂಜು ಮುಚ್ಚಿದ್ದಾಗ, ಇವತ್ತೇ ಎಂದುಕೊಂಡೆ. ಅದ್ದಲು ಸಾಸಿವೆ ಎಣ್ಣೆ. ಪಂಜಾಬಿಯವಳು ದೀಪಾವಳಿಗೆ ಕೊಟ್ಟ ಡಬ್ಬಿ ಅದು, ಅಡುಗೆಗೆ ನಾನು ಮುಟ್ಟಿರಲಿಲ್ಲ. ಅಲಗು ಇನ್ನೇನು ಬಣ್ಣಕ್ಕೆ ಬರಬೇಕು, ಕರೆಂಟು ಹೋಯಿತು. ಡ್ರೈಯರ್ ಉಸಿರು ನಿಲ್ಲಿಸಿತು. ಸೊಸೆ ಒಳಗೆ ಓಡಿ ಮೊರ ತಂದು, ಸೆರಗು ಸಿಕ್ಕಿಸಿ ಬೀಸಲು ಕೂತಳು. ಕಿಡಿ ಹಾರಿ ಅವಳ ಸ್ವೆಟರಿಗೆ ಎರಡು ತೂತು ಬಿದ್ದವು. ಅಲಗಿಗೆ ಹಣ್ಣಾದ ಟೊಮೆಟೊದ ಬಣ್ಣ ಬಂತು. ಇಕ್ಕಳದಲ್ಲಿ ಹಿಡಿದು ನೆಟ್ಟಗೆ ಅದ್ದಿದೆ. ಭುಸ್ಸೆಂದು ಹೊಗೆ ಎದ್ದು ಇಬ್ಬರಿಗೂ ಕಣ್ಣಲ್ಲಿ ನೀರು. ತೆಗೆದು ಒರೆಸಿ ಉಗುರಿನಿಂದ ತಟ್ಟಿದೆ. ಗಂಟೆಯ ಹಾಗೆ ಸದ್ದು ಬಂತು. ಸೀಳಿರಲಿಲ್ಲ. ಇಬ್ಬರು ಹೆಂಗಸರ ನೆರಳು ಅದರ ಮೇಲೆಯೇ ಇತ್ತು.

ಅದ್ದಿದ ಅಲಗು ಗಾಜಿನ ಹಾಗೆ, ಬಿದ್ದರೆ ಒಡೆಯುತ್ತದೆ. ಅದರ ಬಿರುಸನ್ನು ಮತ್ತೆ ಸ್ವಲ್ಪ ಇಳಿಸಬೇಕು. ದೋಸೆ ಹೆಂಚಿನ ಮೇಲಿಟ್ಟು ಬೆಲ್ಲದ ಪಾಕದ ಬಣ್ಣ ಏರುವವರೆಗೆ ಕಾಯಿಸಿ ತೆಗೆದೆ. ಆ ಹೆಂಚಿನಲ್ಲಿ ಮುಂದೆ ದೋಸೆ ಏಳಲಿಲ್ಲ, ಅದು ಬೇರೆ ಮಾತು.

ಹಿಡಿಗೆ ಬೀಟೆಯಂಥ ಗಟ್ಟಿ ಶೀಶಮ್ ಮರ ಬೇಕಿತ್ತು. ಬಜಾರಿನಲ್ಲಿ ತೋರಿಸಿದ್ದೆಲ್ಲ ಹಸಿ. ನಾನು ಮಲಗುವ ಮಂಚ ಶೀಶಮಿನದು, ಫರೀದಾಬಾದಿಗೆ ಬಂದ ವರ್ಷ ಕೊಂಡದ್ದು, ನಲವತ್ತೈದು ವರ್ಷ ಒಣಗಿದ ಮರ. ಅದರ ಕಾಲೊಂದನ್ನು ಕೊಯ್ದು ತೆಗೆದೆ. ಮಂಚ ಇವತ್ತಿಗೂ ಆ ಮೂಲೆಯಲ್ಲಿ ಇಟ್ಟಿಗೆಯ ಮೇಲೆ ನಿಂತಿದೆ.

ಮೊಮ್ಮಗನನ್ನು ಕರೆದು ಚಪಾತಿ ಹಿಟ್ಟಿನ ಉಂಡೆ ಕೊಟ್ಟು, "ಮುಷ್ಟಿಯಲ್ಲಿ ಗಟ್ಟಿ ಹಿಡಿ," ಎಂದೆ.

"ಇದು ಯಾಕೆ ಅಜ್ಜಿ, ಪರಾಠಾ ಮಾಡ್ತೀರಾ?"

"ನಿನ್ನ ಕೈಗೆ ಕೂರಬೇಕಲ್ಲ ಹಿಡಿ. ಊರಿನವರ ಕೈಗಲ್ಲ."

ಬೆರಳು ಒತ್ತಿದ ಗುರುತು ನೋಡಿ ನೋಡಿ ಮರವನ್ನು ಉಳಿಯಿಂದ ತೆಗೆದೆ. ಹೆಬ್ಬೆರಳಿಗೆ ಒಂದು ತಗ್ಗು, ಕಿರುಬೆರಳು ಜಾರದಂತೆ ಕೊನೆಯಲ್ಲಿ ಒಂದು ಉಬ್ಬು. ಒಡೆದ ಬಳೆಯ ಗಾಜಿನಿಂದ ಹೆರೆದು, ಅಗಸೆ ಎಣ್ಣೆ ಹಚ್ಚಿ ಅಂಗೈಯಿಂದ ತಿಕ್ಕಿದೆ, ಐದು ದಿನ. ಕಂದು ಮರದೊಳಗಿಂದ ಕಪ್ಪು ಗೆರೆಗಳು ಒಂದೊಂದಾಗಿ ಎದ್ದುಬಂದವು. ಅಲಗಿನ ಬಾಲವನ್ನು ಕಾಯಿಸಿ ಹಿಡಿಯೊಳಗೆ ಸುಟ್ಟು ಇಳಿಸಿ, ಸಂದಿಗೆ ಅರಗು ಹೊಯ್ದೆ. ಆ ಅರಗು ಮಗನ ಮೇಜಿನ ಡ್ರಾಯರಿನಲ್ಲಿ ಸಿಕ್ಕಿದ್ದು, ಕಚೇರಿಯಲ್ಲಿ ಲಕೋಟೆಗೆ ಮೊಹರು ಒತ್ತುವಂಥದ್ದು. ಇದಕ್ಕೆ ಅವನ ಕೊಡುಗೆ ಅದೊಂದೇ.

ಭಾನುವಾರ ಅವನ ಮುಂದೆ ಇಟ್ಟೆ. ತುಂಬ ಹೊತ್ತು ತಿರುಗಿಸಿ ತಿರುಗಿಸಿ ನೋಡಿದ. ಚಿಕ್ಕಂದಿನಲ್ಲಿ ಅವನೂ ಅಪ್ಪನ ಅರಗಳ ಜೊತೆ ಆಡಿದವನೇ.

"ಚೆನ್ನಾಗಿದೆ ಅಮ್ಮ. ಆದ್ರೆ ಮಂಟಪದಲ್ಲಿ ಬೇಡ."

"ಯಾಕೆ?"

"ಎಲ್ಲಿ ಮಾಡಿಸಿದ್ರಿ ಅಂತ ಬೀಗರು ಕೇಳ್ತಾರೆ."

"ಮನೇಲಿ ಮಾಡಿದ್ದು ಅನ್ನು."

ಅವನು ಸೊಸೆಯ ಮುಖ ನೋಡಿದ. ಅವಳು ತಲೆ ತಗ್ಗಿಸಿದಳು. ಆಗ ನಿಜ ಹೊರಗೆ ಬಂತು. ಬೀಗರಿಗೆ ಅವನು ತನ್ನಪ್ಪ ಇಂಜಿನಿಯರ್ ಆಗಿದ್ದರು ಎಂದು ಹೇಳಿದ್ದನಂತೆ. ಅಜ್ಜನ ಕಾಲಕ್ಕೆ ಜಮೀನೂ ಇತ್ತಂತೆ.

"ಮೂವತ್ತೈದು ವರ್ಷ ಎಣ್ಣೆ ಮಸಿ ಮೆತ್ತಿಕೊಂಡು ನಿನ್ನನ್ನು ಓದಿಸಿದವರು ಫಿಟ್ಟರ್ ಆಗಿದ್ದರೆ ನಿನಗೇನು ಕಮ್ಮಿ ಆಗ್ತಿತ್ತು?"

"ನಿಮಗೆ ಈ ದಿಲ್ಲಿ ಜನ ಗೊತ್ತಿಲ್ಲ ಅಮ್ಮ. ಒಂದು ಮಾತಲ್ಲಿ ಕೆಳಗೆ ಇಳಿಸಿಬಿಡ್ತಾರೆ."

"ಅವರು ಇಳಿಸೋದೇನು, ನೀನೇ ಇಳಿಸಿದೀಯಲ್ಲ ನಿನ್ನಪ್ಪನ್ನ."

ಮೊಮ್ಮಗ ನಡುವೆ ಬಂದ. "ಪಾಪಾ, ಅಜ್ಜಿ ಮಾಡಿದ್ದೇ ಹಿಡೀತೀನಿ. ಬಸ್, ಮುಗೀತು."

ಮಗ ಆಯಿತು ಎಂದ. ಅಷ್ಟು ಸುಲಭವಾಗಿ ಅಂದಾಗಲೇ ನಾನು ಎಚ್ಚರವಾಗಬೇಕಿತ್ತು. "ಕೊಡಿ, ಮಂಟಪಕ್ಕೆ ನಾನೇ ಜೋಪಾನವಾಗಿ ತರ್ತೀನಿ," ಎಂದ. ಕೊಟ್ಟೆ. ಈ ಕಥೆಯಲ್ಲಿ ನಾನು ಮಾಡಿದ ತಪ್ಪು ಅದೊಂದು.

ಮದುವೆ ದಿಲ್ಲಿಯಲ್ಲಿ, ಬೆಳಗಿನ ಮುಹೂರ್ತ. ಪುರೋಹಿತರು ಬಾಕು ಕೇಳಿದರು. ಮಗ ಚೀಲ ತಡಕಿದ, ಜೇಬು ತಡಕಿದ, ಕುರ್ಚಿ ಸರಿಸಿದ. "ಇಲ್ಲೇ ಇಟ್ಟಿದ್ದೆ. ಯಾರೋ ಎತ್ತಿಬಿಟ್ಟಿದಾರೆ. ದಿಲ್ಲಿ ಅಂದ್ರೆ ಇಷ್ಟೇ." ಯಾರೋ ಶಾಮಿಯಾನ ಹಾಕುವ ಟೆಂಟ್‌ಹೌಸಿನವನ ಕಡೆ ಬೆರಳು ತೋರಿಸಿದರು. ಕುರ್ಚಿ ಜೋಡಿಸುತ್ತಿದ್ದ ಆ ನಡುವಯಸ್ಸಿನ ಮನುಷ್ಯನ ಚೀಲವನ್ನು ಎಲ್ಲರ ಮುಂದೆ ನೆಲಕ್ಕೆ ಸುರಿದರು. ಒಂದು ಮಫ್ಲರು, ರೊಟ್ಟಿಯ ಡಬ್ಬಿ, ಬೀಡಿಕಟ್ಟು. ಅವನು ಒಂದೊಂದನ್ನೇ ಎತ್ತಿ ಮತ್ತೆ ಚೀಲಕ್ಕೆ ಹಾಕಿಕೊಂಡ. ನನ್ನ ಮಗ ಅದನ್ನು ನಿಂತು ನೋಡಿದ.

ಅಷ್ಟರಲ್ಲಿ ಬಾಡಿಗೆಯ ತಲ್ವಾರು ಬಂತು. ಅದು ಬಂದ ವೇಗ ನೋಡಿದರೆ ಬಾಗಿಲ ಹಿಂದೆಯೇ ಕಾದಿತ್ತು. ನಿಂಬೆಹಣ್ಣು ಚುಚ್ಚಲು ಹೋದರೆ ತುದಿ ಮಡಚಿಕೊಂಡಿತು. ಕೊನೆಗೆ ಹಣ್ಣನ್ನು ರಬ್ಬರ್‌ಬ್ಯಾಂಡಿನಲ್ಲಿ ಕಟ್ಟಿದರು. ಮೊಮ್ಮಗ ನನ್ನ ಕಡೆ ನೋಡಿದ, ಅಪ್ಪನ ಕಡೆ ನೋಡಿದ, ತಲ್ವಾರು ಹಿಡಿದುಕೊಂಡು ಕೂತ. ಬಸ್, ಮುಗೀತು ಎಂದವನು ಅವನೇ.

ನನಗೆ ಗೊತ್ತಾದದ್ದು ಮಧ್ಯಾಹ್ನ, ಹುಡುಗಿಯನ್ನು ಮನೆಗೆ ಕರೆದುಕೊಂಡು ಹೊರಟಾಗ. ಅವಳ ಸೀರೆಯ ಪೆಟ್ಟಿಗೆಯನ್ನು ಡಿಕ್ಕಿಗೆ ಹಾಕಲು ಹೋದರೆ ಮಗ ಅಡ್ಡ ನಿಂತ. "ಡಿಕ್ಕಿ ಬೇಡ, ಲಾಕ್ ಸರಿ ಇಲ್ಲ. ಮೇಲೆ ಕಟ್ಟಿ." ಆ ಬೆಳಿಗ್ಗೆ ತಾನೇ ಅದೇ ಡಿಕ್ಕಿಯಿಂದ ಹೂವಿನ ಬುಟ್ಟಿ ಇಳಿಸಿದ್ದು ನಾನು. ಹೊಸ ಸೊಸೆಯ ಪೆಟ್ಟಿಗೆಗೆ ತೆರೆಯದ ಡಿಕ್ಕಿಯಲ್ಲಿ ಏನಿದೆ ಎಂದು ತಿಳಿಯಲು ನಾನು ಓದಿದ ನಾಲ್ಕನೇ ಕ್ಲಾಸು ಸಾಕು. ಹುಡುಗಿಯ ಪಕ್ಕ ಕೂತು ಮನೆಗೆ ಬಂದೆ. ನೆಂಟರ ಮುಂದೆ ಕಿರುಚಿದರೆ ಹುಡುಗಿಯ ಮೊದಲ ದಿನ ಹಾಳು. ಅವಳದೇನು ತಪ್ಪು?

ಮರುದಿನ ಬೀಗರು ಸತ್ಯನಾರಾಯಣ ಪೂಜೆಗೆ ಒಂಬತ್ತು ಗಂಟೆಗೆ ಬರುವವರಿದ್ದರು. ನಾನು ಆರಕ್ಕೆ ಎದ್ದು, ಮೊಳೆಗೆ ತೂಗಿದ್ದ ಕಾರಿನ ಕೀಲಿ ತೆಗೆದುಕೊಂಡು, ಡಿಕ್ಕಿ ತೆರೆದು ಸ್ಟೆಪ್ನಿ ಎತ್ತಿದೆ. ಲಾಕ್ ಚೆನ್ನಾಗಿಯೇ ಇತ್ತು. ಟವೆಲ್ಲು ನಮ್ಮ ಬಚ್ಚಲಿನದೇ. ಮಗನನ್ನು ಎಬ್ಬಿಸಿ ಅವನ ಹೊದಿಕೆಯ ಮೇಲೆ ಬಾಕು ಇಟ್ಟೆ.

"ಅಮ್ಮ..."

"ನನಗೇನೂ ಹೇಳಬೇಡ. ಮೊದಲು ಟೆಂಟ್‌ಹೌಸಿಗೆ ಫೋನ್ ಮಾಡು. ಸಿಕ್ಕಿತು ಅನ್ನಬೇಡ, ನಾನೇ ಇಟ್ಟಿದ್ದೆ ಅನ್ನು. ಆ ಮನುಷ್ಯನ ಹತ್ತಿರವೇ ಮಾತಾಡು."

ಮಾಡಿದ. ನಾನು ಎದುರಿಗೇ ನಿಂತಿದ್ದೆ. "ಗಲತಿ ಹಮಾರೀ ಥೀ, ಭಾಯಿಸಾಬ್," ತಪ್ಪು ನಮ್ಮದೇ ಎನ್ನುವಾಗ ಅವನ ದನಿ ಇಳಿದುಹೋಗಿತ್ತು.

ಆಮೇಲೆ ಮಸೆಗಲ್ಲು, ಚೊಂಬಿನಲ್ಲಿ ನೀರು ತೆಗೆದುಕೊಂಡು ತಲೆಬಾಗಿಲ ಮೆಟ್ಟಿಲ ಮೇಲೆ ಕೂತು ಮಸೆಯತೊಡಗಿದೆ. ಗೋಡೆಯಾಚೆಯ ಪಂಜಾಬಿಯವಳು ಚಹಾ ಹಿಡಿದು ಬಂದು ನಿಂತಳು. ಮೊಮ್ಮಗ ಹೊರಗೆ ಬಂದು ಕಲ್ಲಿನ ಮೇಲೆ ನೀರು ಚಿಮುಕಿಸುತ್ತಾ ಕೂತ. ಹೊಸ ಹುಡುಗಿ ಬಾಗಿಲಲ್ಲಿ ನಿಂತಳು. ಬಿಳಿ ಕಾರು ಬಂತು. ಬೀಗರು ಇಳಿದು, ಚಪ್ಪಲಿ ಬಿಡುತ್ತಾ ಬಗ್ಗಿ ನೋಡಿದರು.

"ಓಹೋ, ಕಳೆದದ್ದು ಸಿಕ್ಕಿತಾ? ಎಂಥ ಒಳ್ಳೇ ಕೆಲಸ! ಎಲ್ಲಿ ಮಾಡಿಸಿದ್ದು?"

ಮಗ ನನ್ನ ಹಿಂದೆಯೇ ನಿಂತಿದ್ದ.

"ಕಳೆದಿರಲಿಲ್ಲ. ಮಾಡಿಸಿದ್ದೂ ಅಲ್ಲ, ನಾನು ಮಾಡಿದ್ದು. ನಮ್ಮಪ್ಪ ಕಮ್ಮಾರರು. ನಮ್ಮ ಯಜಮಾನರು ಫಿಟ್ಟರು, ಇಂಜಿನಿಯರಲ್ಲ. ಒಳಗೆ ಬನ್ನಿ, ಕಾಫಿ ಕುಡೀರಿ," ಎಂದೆ.

ಹುಡುಗಿಯ ಕೈಗೆ ಒಂದು ನಿಂಬೆಹಣ್ಣು ಕೊಟ್ಟು, ಬಾಕು ಕೊಟ್ಟೆ. ಅವಳು ಸುಮ್ಮನೆ ತಾಗಿಸಿದಳು, ಹಣ್ಣು ಎರಡಾಗಿ ಮೆಟ್ಟಿಲ ಮೇಲೆ ಉರುಳಿತು. ಬಾಕು ವಾಪಸು ತೆಗೆದುಕೊಂಡೆ. ಇನ್ನೊಂದು ಅಂಚು ಮಸೆಯುವುದು ಉಳಿದಿತ್ತು.