ಬಿಸಿಲಿಗಿಟ್ಟ ಸೆಲ್ಲುಗಳು

ಆ ಹಾಡಿನ ಚಿತ್ರೀಕರಣದ ಬಗ್ಗೆ ಇದುವರೆಗೆ ಮೂರು ಸಲ ಬರೆದು ಹರಿದಿದ್ದೇನೆ. ಪ್ರತಿ ಸಲವೂ ಬರಹದಲ್ಲಿ ನಾನು ಸ್ವಲ್ಪ ಹೆಚ್ಚು ಒಳ್ಳೆಯವನಾಗುತ್ತಾ ಹೋಗಿದ್ದೆ. ಈಗ ದಣಿದಿದ್ದೇನೆ. ಒಳ್ಳೆಯವನಾಗುವುದಕ್ಕೂ ಶಕ್ತಿ ಬೇಕು.

ತೊಂಬತ್ತರ ದಶಕದ ನಡುವಿನ ಒಂದು ವರ್ಷ. ನಾನು ಶಿಕಾರಿಪುರದ ಕಾಲೇಜಿನಲ್ಲಿ ಕೊನೆಯ ವರ್ಷದ ಬಿ.ಎ. ಓದುತ್ತಿದ್ದೆ. ವಾರ್ಷಿಕೋತ್ಸವಕ್ಕೆ ನಾಟಕ ಬೇಡ, ನೃತ್ಯ ಬೇಡ, ನಮ್ಮದೇ ಹಾಡಿಗೆ ನಾವೇ ವಿಡಿಯೋ ಮಾಡೋಣ ಎಂದವನು ನಾನು. ಪದ್ಯ ನನ್ನದು. ಅದಕ್ಕೆ ರಾಗ ಹಾಕಿ ಹಾಡಿದವಳು ಆನವಟ್ಟಿ ಹತ್ತಿರದ ಹಳ್ಳಿಯಿಂದ ಬಂದು ಹಾಸ್ಟೆಲಿನಲ್ಲಿದ್ದ ಸಹಪಾಠಿ. ಅವಳ ಮನೆಯವರು ಕುರಿ ಸಾಕುತ್ತಿದ್ದರು. ಖಾಲಿ ತರಗತಿಯೊಂದರ ಕಿಟಕಿ ಮುಚ್ಚಿ ಹಾಡನ್ನು ಕ್ಯಾಸೆಟ್ಟಿಗೆ ರೆಕಾರ್ಡ್ ಮಾಡಿಕೊಂಡಿದ್ದೆವು.

ಯೋಜನೆಯೆಲ್ಲ ಒಂದು ಡ್ರಾಯಿಂಗ್ ಪುಸ್ತಕದಲ್ಲಿತ್ತು. ಪ್ರತಿ ಶಾಟಿಗೂ ಒಂದೊಂದು ಚೌಕ ಹಾಕಿ ಚಿತ್ರ ಬರೆದಿದ್ದೆ: ಬಾವಿಯ ರಾಟೆ, ಬಸ್ಸಿನ ಒಡೆದ ಕನ್ನಡಿ, ಒಣಹುಲ್ಲಿನ ಮೇಲೆ ಒಂಟಿ ಚಪ್ಪಲಿ, ನೀರು, ಮತ್ತೆ ನೀರು. ಎಲ್ಲೂ ಮನುಷ್ಯರ ಮುಖವಿಲ್ಲ. ಮುಖ ತೋರಿಸಿದರೆ ಹಾಡು ಸಾಯುತ್ತದೆ ಎಂದು ಆಗ ನಂಬಿದ್ದೆ. ಯಾಕೆ ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ. ಅವಳು ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ತಿರುವಿ ನೋಡಿದಳು.

"ಇದ್ರಾಗೆ ನಾನೆಲ್ಲಿದೀನ್ರೀ?"

"ನಿಮ್ಮ ಧ್ವನಿ ಇರ್ತದಲ್ಲ."

"ಮೂರು ವರ್ಷ ಸ್ಟೇಜಿನ ಪರದೆ ಹಿಂದೆ ನಿಂತು ಹಾಡೀನಿ. ಚಪ್ಪಾಳೆ ಎಲ್ಲ ಮುಂದೆ ಕುಣಿಯೋರಿಗೆ. ಇದ್ರಾಗೂ ಹಿಂದೇನಾ? ಚಪ್ಪಲಿ ತೋರಿಸ್ತೀರಂತೆ. ನನ್ನ ಮುಖ ಆ ಚಪ್ಪಲಿಗಿಂತ ಕಡಿಮೀನಾ?"

ಅವಳು ನಗುತ್ತಲೇ ಹೇಳಿದಳು. ಆದರೆ ಪುಸ್ತಕ ವಾಪಸು ಕೊಡಲಿಲ್ಲ. ಹಾಡಿನ ಎರಡು ಚರಣಗಳನ್ನು ಅವಳು ಕ್ಯಾಮೆರಾ ನೋಡಿಯೇ ಹಾಡುವುದು ಎಂದು ನಾನು ಒಪ್ಪಿದ ಮೇಲೆ ಕೊಟ್ಟಳು. ರಬ್ಬರಿನಿಂದ ಐದು ಚೌಕ ಅಳಿಸಿ ಒಂದು ದುಂಡು ಮುಖ ಬರೆದೆ. ಕಾಗದ ಹರಿಯುವಷ್ಟು ಉಜ್ಜಿದ್ದು ನೆನಪಿದೆ.

ಕ್ಯಾಮೆರಾ ಇದ್ದದ್ದು ಸೊರಬದಲ್ಲಿ, ಫೋಟೋ ಸ್ಟುಡಿಯೋ ಇಟ್ಟುಕೊಂಡು ಮದುವೆಗಳಿಗೆ ವಿಡಿಯೋ ತೆಗೆಯುತ್ತಿದ್ದವರೊಬ್ಬರ ಬಳಿ. ಎಲ್ಲರೂ ಅವರನ್ನು 'ವಿಡಿಯೋದವರು' ಎನ್ನುತ್ತಿದ್ದರು. ಬಸ್ಸಿನಲ್ಲಿ ಹೋಗಿ ಪುಸ್ತಕ ತೋರಿಸಿದೆ.

"ಇದರಲ್ಲಿ ಜನವೇ ಇಲ್ವಲ್ಲ ಮಾರಾಯ್ರೆ! ತಿಥಿ ಮನೇಲೂ ಇದಕ್ಕಿಂತ ಜನ ಇರ್ತಾರೆ."

ಕ್ಯಾಸನೂರಿನ ಕಾಡಿನಲ್ಲಿ ಚಿತ್ರೀಕರಣ ಮಾಡಬೇಕು ಎಂದೆ. ಅವರು ಕೈ ಮುಗಿದರು. "ಮಂಗನ ಕಾಯಿಲೆ ಟೈಮಲ್ಲಿ ಕಾಡಿಗಾ? ಉಣ್ಣಿ ಕಚ್ಚಿಸ್ಕೊಂಡು ಮಲಗಿದ್ರೆ ನನ್ನ ಮದುವೆಗಳನ್ನೆಲ್ಲ ನೀವು ತೆಗಿತೀರಾ?" ಹಾಗಾಗಿ ಕಾಡು ಹೋಯಿತು. ಅವಳ ಊರಿನ ಬಯಲು ನಿಗದಿಯಾಯಿತು.

ಬಯಲಲ್ಲಿ ಕರೆಂಟಿಲ್ಲ. ಹಾಡನ್ನು ಟೇಪ್ ರೆಕಾರ್ಡರಿನಲ್ಲಿ ಹಾಕಿ, ಅದಕ್ಕೆ ತಕ್ಕಂತೆ ಅವಳು ಬಾಯಾಡಿಸಬೇಕು; ಆಮೇಲೆ ಆ ಚಿತ್ರಕ್ಕೆ ನಮ್ಮ ಕ್ಯಾಸೆಟ್ಟಿನ ಹಾಡನ್ನು ಕೂಡಿಸಬೇಕು. ಟೇಪ್ ರೆಕಾರ್ಡರಿಗೆ ಆರು ದೊಡ್ಡ ಸೆಲ್ಲು ಬೇಕಿತ್ತು. ಅದು ನನ್ನ ಕೆಲಸ. ರೂಮಿನಲ್ಲಿದ್ದ ಹಳೆಯ ಸೆಲ್ಲುಗಳನ್ನು ಎರಡು ದಿನ ತಾರಸಿಯ ಮೇಲೆ ಬಿಸಿಲಿಗಿಟ್ಟೆ. ಎಲ್ಲರೂ ಹಾಗೆ ಮಾಡುತ್ತಿದ್ದರು. ಬಿಸಿಲು ಕುಡಿದ ಸೆಲ್ಲು ಮತ್ತೆ ಸ್ವಲ್ಪ ಹೊತ್ತು ನಡೆಯುತ್ತಿತ್ತು. ಹೊರಟ ಬೆಳಿಗ್ಗೆ ಸೆಲ್ಲು ಮಾರುವ ಅಂಗಡಿಯ ಮುಂದೆಯೇ ನಡೆದು ಹೋದೆ. ಅಂಗಡಿ ತೆರೆದಿತ್ತು. ಸಾಕು ಎಂದುಕೊಂಡೆನೋ, ಕೈಕೊಟ್ಟರೆ ಕೊಡಲಿ ಎಂದುಕೊಂಡೆನೋ ಗೊತ್ತಿಲ್ಲ. ಹರಿದು ಹಾಕಿದ ಮೂರು ಬರಹಗಳಲ್ಲೂ ಅಂಗಡಿಗೆ ಬಾಗಿಲು ಹಾಕಿತ್ತು.

ಊರಿನಲ್ಲಿ ಕ್ಯಾಮೆರಾ ಹೆಗಲೇರಿದ್ದೇ ತಡ, ಜನ ಸೇರಿದರು. ಕಂಬಳಿ ಹೊದ್ದ ಅಜ್ಜನೊಬ್ಬ ಎಲ್ಲರಿಗಿಂತ ಮುಂದೆ ಬಂದ.

"ತಮ್ಮಾ, ನಾವು ಎಲ್ಲಿ ನಿಂದ್ರಬೇಕು?"

"ನೀವು ನಿಲ್ಲೋದು ಬೇಡಜ್ಜ. ಇದು ಹಾಡು," ಎಂದೆ.

"ಹಾಡಿಗೆ ನಿಂದರಬಾರದೇನು? ಹಂಗಾದ್ರ ಕುಂದರತೀನಿ ತಗೋ."

ವಿಡಿಯೋದವರು ಆಗಲೇ ಕ್ಯಾಮೆರಾವನ್ನು ಅಜ್ಜನ ಕಡೆ ತಿರುಗಿಸಿದ್ದರು. ಮದುವೆ ಮನೆಯಲ್ಲಿ ಊಟದ ಪಂಕ್ತಿಯ ಮೇಲೆ ಹೋದಂತೆ ಒಂದು ತುದಿಯಿಂದ ಇನ್ನೊಂದು ತುದಿಗೆ, ಒಬ್ಬೊಬ್ಬರ ಮೇಲೂ ನಿಂತು ನಿಂತು ಹೋದರು. ಜನವೂ ಫೋಟೋಕ್ಕೆ ನಿಂತಂತೆ ಅಲುಗಾಡದೆ ನಿಂತರು. ಟೇಪು ದಂಡ ಎಂದು ನಾನು ಗೊಣಗಿದೆ.

ಅವಳು ಬೇಲಿಯ ಪಕ್ಕ ನಿಂತು ಹಾಡತೊಡಗಿದಳು. ಬರೀ ಬಾಯಾಡಿಸಿ ಎಂದಿದ್ದೆ. ಹಾಗೆ ತನಗೆ ಬರುವುದಿಲ್ಲ ಎಂದು ಟೇಪಿನ ಜೊತೆ ಗಟ್ಟಿಯಾಗಿಯೇ ಹಾಡಿದಳು. ಎರಡನೆಯ ಸಲಕ್ಕೆ ನಿಲ್ಲಿಸಿ ಕಿವಿಗೊಟ್ಟಳು.

"ಹಾಡು ಯಾಕೋ ಎಳಿತೈತಲ್ರೀ?"

"ಬಯಲಲ್ವಾ? ಹಾಗೆ ಕೇಳಿಸ್ತದೆ."

ಹಾಗೆ ಹೇಳಿದೆ. ಇದು ಮಾತ್ರ ನಾಲ್ಕು ಬರಹಗಳಲ್ಲೂ ಒಂದೇ ರೀತಿ ಇದೆ. ಅವಳು ನನ್ನ ಮಾತು ನಂಬಿ, ಎಳೆಯುತ್ತಿದ್ದ ಹಾಡಿಗೆ ಉಸಿರು ಹೊಂದಿಸಿಕೊಂಡು, ಎರಡೂ ಚರಣ ಮುಗಿಸಿದಳು. ಆಮೇಲೆ ರಾಟೆ, ಚಪ್ಪಲಿ, ನೀರು ಎಲ್ಲ ತೆಗೆದೆವು.

ಎಡಿಟಿಂಗಿಗೆ ಸೊರಬಕ್ಕೆ ಎಷ್ಟು ಸಲ ಹೋದೆನೋ ಲೆಕ್ಕವಿಟ್ಟಿಲ್ಲ. ಅವರ ಮದುವೆ ಕ್ಯಾಸೆಟ್ಟುಗಳ ನಡುವೆ ಬಿಡುವು ಸಿಕ್ಕಾಗ ನಮ್ಮದು. ಕಾಯುವುದು, ಚಹಾ, ಮತ್ತೆ ಕಾಯುವುದು, ಕೊನೆಯ ಬಸ್ಸು ತಪ್ಪದಂತೆ ಎದ್ದು ಓಡುವುದು. ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಎರಡು ವಿಸಿಆರ್, ಒಂದು ಟೀವಿ. ಒಂದರಿಂದ ಇನ್ನೊಂದಕ್ಕೆ ತುಂಡು ತುಂಡಾಗಿ ಇಳಿಸಬೇಕು. ಕ್ಯಾಮೆರಾದಲ್ಲಿ ದಾಖಲಾದ ಧ್ವನಿಯನ್ನು ಅವರು ಮೊದಲೇ ಪೂರ್ತಿ ತಗ್ಗಿಸಿಬಿಡುತ್ತಿದ್ದರು. "ಮದುವೆ ಮನೆಯ ಗಲಾಟೆ ಯಾರಿಗೆ ಬೇಕು? ಮೇಲಿಂದ ಹಾಡು ಹಾಕಿದ್ರೆ ಆಯ್ತು." ನಮ್ಮದಕ್ಕೂ ಹಾಗೆಯೇ ಮಾಡಿದರು.

ಮೇಲಿಂದ ನಮ್ಮ ಹಾಡು ಹಾಕಿದಾಗ ಬಾಯಿ ಕೂಡಲಿಲ್ಲ. ಹಾಡು ಸಾಲು ಮುಗಿಸಿ ಮುಂದೆ ಹೋಗಿರುತ್ತಿತ್ತು, ಅವಳ ಬಾಯಿ ಇನ್ನೂ ಹಿಂದಿನ ಪದದ ಮೇಲಿರುತ್ತಿತ್ತು. ಸೆಲ್ಲು ಇಳಿದಂತೆಲ್ಲ ಟೇಪು ನಿಧಾನವಾಗಿತ್ತು. ಚರಣದ ಕೊನೆಯಲ್ಲಿ ಇಡೀ ಒಂದು ಸಾಲಿನ ಅಂತರ.

"ಮುಖ ತೆಗೆದುಬಿಡೋಣ," ಎಂದೆ. ಬೇಗ ಹೇಳಿದೆ.

"ಹಾಡಿದ ಹುಡುಗಿನ್ನೇ ಬಿಡೋದಾ? ಮದುವೇಲಿ ಸೋದರಮಾವ ಒಬ್ಬ ಬಿಟ್ಟುಹೋದ್ರೆ ಎರಡು ವರ್ಷ ಮಾತು ಬಿಡ್ತಾರೆ, ಗೊತ್ತುಂಟಾ?"

ಕ್ಯಾಮೆರಾ ಮುಂದೆ ನಿಂತ ಯಾರನ್ನೂ ಬಿಡಬಾರದು ಎಂಬುದು ಅವರ ಕಸುಬಿನ ನಿಯಮ. ಎರಡು ಚರಣಗಳ ಜಾಗ ಖಾಲಿಯಾಗಿತ್ತಲ್ಲ, ಅಲ್ಲಿ ಆ ಊರ ಜನರನ್ನೆಲ್ಲ ಕೂರಿಸಿದರು, ಒಬ್ಬೊಬ್ಬರಿಗೆ ಮೂರು ಸೆಕೆಂಡಿನಂತೆ. ಆ ಸಾಲಿನ ತುದಿಯಲ್ಲಿ, ನಮಗೆ ಗೊತ್ತಿಲ್ಲದಂತೆ, ಅವಳೂ ಸಿಕ್ಕಿಬಿದ್ದಿದ್ದಳು: ತನ್ನ ಸರದಿಗೆ ಕಾಯುತ್ತಾ, ದುಪಟ್ಟಾದಿಂದ ಕತ್ತು ಒರೆಸಿಕೊಳ್ಳುತ್ತಾ, ಬಾಯಿ ಮುಚ್ಚಿಕೊಂಡು. ಅವಳಿಗೂ ಮೂರು ಸೆಕೆಂಡು. ನಾನು ಬೇಡ ಎನ್ನಲಿಲ್ಲ. ಬೇಕು ಎಂದೂ ಅನ್ನಲಿಲ್ಲ. ಬಸ್ಸಿಗೆ ಹೊತ್ತಾಗಿತ್ತು.

ವಾರ್ಷಿಕೋತ್ಸವದ ಮಧ್ಯಾಹ್ನ ಸ್ಟೇಜಿನ ಮೇಲೆ ಟೀವಿ ಇಟ್ಟು ತೋರಿಸಿದರು. ಅವಳ ತಾಯಿ ಊರಿನಿಂದ ಬಂದು ಹೆಂಗಸರ ಸಾಲಿನಲ್ಲಿ ಕೂತಿದ್ದರು. ರಾಟೆಗೆ ಯಾರೂ ಮಾತಾಡಲಿಲ್ಲ; ಚಪ್ಪಲಿಗೆ ಹಿಂದಿನ ಬೆಂಚಿನವರು ನಕ್ಕರು. ಅಜ್ಜ ಬಂದಾಗ ಆ ತಾಯಿ ಎದ್ದೇ ನಿಂತು, "ಅಗೋ, ನಮ್ಮ ಮಾವ!" ಎಂದರು. ಮಗಳು ಬರುವ ಹೊತ್ತಿಗೆ ಪಕ್ಕದವರಿಗೆ ಮಾವನ ವಿಷಯ ಹೇಳುತ್ತಿದ್ದರು.

ಮುಗಿದ ಮೇಲೆ ಅವಳು ಕಾರಿಡಾರಿನಲ್ಲಿ ಸಿಕ್ಕಳು. ನಾನು ಬಾಯಿ ಕೂಡದ ವಿಷಯ ಹೇಳಿದೆ. ಪೂರ್ತಿ ಕೇಳಿಸಿಕೊಂಡಳು.

"ನಮ್ಮೂರಾಗೆ ಎಲ್ಲರಿಗೂ ಮೂರು ಸೆಕೆಂಡು, ನನಗೂ ಅಷ್ಟೇ. ಸಮ ಹಂಚೀರಿ ಬಿಡ್ರೀ," ಎಂದಳು. ಹೊರಡುತ್ತಾ, "ಸೆಲ್ಲು ಹೊಸವೇನ್ರೀ?"

ಹೌದು ಎಂದೆ.

ಪರೀಕ್ಷೆ ಮುಗಿದ ಮೇಲೆ, ನನ್ನ ಡ್ರಾಯಿಂಗ್ ಪುಸ್ತಕ ತರಲು ಸೊರಬಕ್ಕೆ ಹೋದೆ. ವಿಡಿಯೋದವರು ಯಾವುದೋ ಮದುವೆಯ ಎಡಿಟಿಂಗಿನಲ್ಲಿದ್ದರು.

"ಆ ಹುಡುಗಿ ಬಂದಿದ್ಲು. ಬಯಲಲ್ಲಿ ತೆಗೆದ ಮೂಲ ಕ್ಯಾಸೆಟ್ ನೋಡಬೇಕು ಅಂದ್ಲು. ಬಾಯಿ ಕೂಡಲ್ಲ ತಂಗಿ ಅಂದೆ. ಹಾಕ್ರಿ, ಸೌಂಡ್ ಏರಿಸ್ರಿ ಅಂದ್ಲು."

"ಏರಿಸಿದ್ರಾ?"

"ಏರಿಸ್ದೆ."

"ಹೇಗಿತ್ತು?"

"ಗಾಳಿ ಜಾಸ್ತಿ. ಅಜ್ಜ ಕೆಮ್ತಾನೆ. ಆದರೆ ಅವಳೇ ಹಾಡಿದ್ದಲ್ವಾ ಮಾರಾಯ್ರೆ ಅಲ್ಲಿ, ಗಟ್ಟಿಯಾಗಿ. ನಿಧಾನ. ಬಾಯಿ ಸರಿಯಾಗೇ ಕೂಡಿತ್ತು. ನಾವೇ ಒಂದು ಸಲವೂ ಸೌಂಡ್ ಇಟ್ಟು ನೋಡ್ಲಿಲ್ಲ."

"ಕ್ಯಾಸೆಟ್ ಎಲ್ಲಿದೆ?"

"ಕೇಳಿದ್ಲು. ಕೊಟ್ಟೆ. ಅವಳದೇ ಅಲ್ವಾ?"

ಆ ಕ್ಯಾಸೆಟ್ಟಿನ ಹಾಡನ್ನು ನಾನು ಕೇಳಿಲ್ಲ, ಈವರೆಗೂ. ಅವರು ಸ್ಟೂಲು ಸರಿಸಿ ಜಾಗ ಕೊಟ್ಟರು, ಕೂತೆ. ಟೀವಿಯಲ್ಲಿ ಪಂಕ್ತಿಯ ತುಂಬ ಜನ ಏನೇನೋ ಹೇಳುತ್ತಾ ಊಟ ಮಾಡುತ್ತಿದ್ದರು. ಧ್ವನಿ ಇರಲಿಲ್ಲ.